ಸುಲಭದ ಗುಂಡಿ



2023ರ ಜೂನ್ 2ರಂದು ‘ಸ್ಟ್ರೀಟ್ ಫೈಟರ್ 6’ ಎಂಬ ಕಾಳಗದ ವಿಡಿಯೋ ಗೇಮ್ ಬಿಡುಗಡೆಯಾಯಿತು. ನಿಮ್ಮಲ್ಲಿ ಕೆಲವರು ಆಡಿರಬಹುದು. ಹಿಂದೆ ಬೆರಳು ತಿರುಗಿಸಿ ತಿರುಗಿಸಿ ಕಲಿಯಬೇಕಿದ್ದ ವಿಶೇಷ ಏಟು, ಇದರ ‘ಮಾಡರ್ನ್’ ವಿಧಾನದಲ್ಲಿ ಒಂದೇ ಗುಂಡಿಗೆ ಬೀಳುತ್ತದೆ. ಏಟಿನ ಬಲ ಮಾತ್ರ ಶೇ. 20ರಷ್ಟು ಕಡಿಮೆ. ಹಳೆಯ ಆಟಗಾರರು ಮೊದಲ ನೋಟಕ್ಕೇ ಗೊಣಗಿದರು, ಹೊಸಬರು ಹಿಗ್ಗಿದರು.

ಮಳವಳ್ಳಿಯಲ್ಲಿರುವ ನನ್ನ ಅಕ್ಕನ ಕಿರಿಮಗ ಹಾಗೆ ಗೆದ್ದಾಗ ಅವನ ಅಣ್ಣ ‘ಕಳ್ಳಾಟ’ ಎಂದ. ನಾನೂ ನಕ್ಕೆ. ಹುಡುಗ ಆಟವನ್ನೇ ಬಿಟ್ಟ.

ಮರುವಾರ ತರಗತಿಯಲ್ಲಿ ಒಬ್ಬಳು ಉರ್ದು ಪದ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದುತ್ತಿದ್ದಳು. ಹಿಂದೆ ಇದಕ್ಕೇ ಗದರಿದ್ದೆ. ಈ ಸಲ ಪಕ್ಕದಲ್ಲಿ ಕುಳಿತು, ಪ್ರತಿ ಪದದ ಕೆಳಗೆ ಉರ್ದು ಲಿಪಿಯನ್ನು ಅವಳಿಂದಲೇ ಬರೆಸಿದೆ.