ಸಭೆ ನಿಂತ ವರ್ಷ



2020ರ ಲಾಕ್‌ಡೌನ್‌ನಲ್ಲಿ ಆಕಾಶ ತಿಳಿಯಾಯಿತು, ಭೂಮಿ ಚೇತರಿಸಿಕೊಂಡಿತು ಎಂದು ಎಲ್ಲರೂ ಹೇಳಿದರು. ದೂಳು, ಹೊಗೆ ಇಳಿದದ್ದು ನಿಜ. ಹವಾಮಾನದ ಲೆಕ್ಕ ಬೇರೆ. ಆ ವರ್ಷ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿ ಜಗತ್ತು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಇಳಿದದ್ದು ಶೇ 5ರ ಆಸುಪಾಸು ಮಾತ್ರ. ಉಳಿದದ್ದೆಲ್ಲ ಮೊದಲಿನಂತೆಯೇ ಮೇಲೇರಿತು. ಕಾಲುವೆಯಲ್ಲಿ ನೀರು ಕೊಂಚ ಸಣ್ಣಗಾದ ಮಾತ್ರಕ್ಕೆ ಕೆರೆ ಬತ್ತುವುದಿಲ್ಲವಲ್ಲ. ಹವಾಯಿಯ ಮೌನಾ ಲೋವಾದಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನ ಮೇ ತಿಂಗಳ ಅಳತೆ 417 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ದಾಟಿತು. ಅದುವರೆಗಿನ ಅತಿ ಹೆಚ್ಚು. ಮರುವರ್ಷ ಹೊಗೆಯೂ ಹೆಚ್ಚುಕಡಿಮೆ 2019ರ ಮಟ್ಟಕ್ಕೆ ಮರಳಿತು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ವರ್ಷ ನಿಂತುಹೋದ ಸಭೆಗಳು. ಗ್ಲಾಸ್ಗೋದ ಹವಾಮಾನ ಶೃಂಗಸಭೆ ಇಡೀ ಒಂದು ವರ್ಷ ಮುಂದಕ್ಕೆ ಹೋಯಿತು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ವಿಜ್ಞಾನ ವರದಿ ತಡವಾಗಿ 2021ರ ಆಗಸ್ಟ್‌ನಲ್ಲಿ ಬಂತು. ಇವು ದೂರದ ಮಾತು. ನಮ್ಮಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದಿತ್ತು, ಚುನಾವಣೆ ಡಿಸೆಂಬರ್ ಕೊನೆಗೆ ಹೋಯಿತು, ಅಲ್ಲಿಯವರೆಗೆ ಆಡಳಿತಾಧಿಕಾರಿಗಳದೇ ಕಾರುಬಾರು. ಅದೇ ಹೊತ್ತಿನಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮ ಅಂದಾಜಿನ ಹೊಸ ನಿಯಮದ ಕರಡು ಹೊರಡಿಸಿ ಆಕ್ಷೇಪಣೆ ಕೇಳಿತು. ಜನ ಒಂದೆಡೆ ಸೇರುವಂತಿರಲಿಲ್ಲ. ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಪ್ರಾದೇಶಿಕ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂದು ಕರ್ನಾಟಕ ಹೈಕೋರ್ಟ್ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ಮಧ್ಯಂತರ ತಡೆ ಕೊಟ್ಟಿತು. ಆ ತಡೆಯನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಕೋವಿಡ್‌ನ ಮೊದಲ ಅಲೆಯಲ್ಲಿ ಜೂನ್‌ವರೆಗೂ ಸೋಂಕಿಲ್ಲದೆ ಉಳಿದ ಜಿಲ್ಲೆ ನಮ್ಮದು. ಮರುವರ್ಷ ಮೇ 2ರ ರಾತ್ರಿ ಆಮ್ಲಜನಕ ಸಾಲದೆ ರೋಗಿಗಳು ಪ್ರಾಣಬಿಟ್ಟದ್ದೂ ಚಾಮರಾಜನಗರದಲ್ಲೇ. ಉಸಿರಿಗೆ ಪರದಾಡುವ ಹೊತ್ತಿನಲ್ಲಿ 2050ರ ತಾಪಮಾನದ ಮಾತು ಯಾರಿಗೂ ಬೇಕಿರಲಿಲ್ಲ. ಅದು ತಪ್ಪೂ ಅಲ್ಲ. ಆದರೆ ಕಾಡು, ಮಳೆ ಆ ಎರಡು ವರ್ಷ ಕಾಯುತ್ತಾ ಕೂರಲಿಲ್ಲ.

ಯಳಂದೂರಿನ ಮೇಲಿನ ಬಿಳಿಗಿರಿರಂಗನ ಬೆಟ್ಟವನ್ನೇ ನೋಡಿ. ಅಲ್ಲಿನ ಆದಿವಾಸಿಗಳಾದ ಸೋಲಿಗರು ಹಿಂದೆ ಬೇಸಿಗೆಯ ಮೊದಲಲ್ಲಿ ತರಗು ಬೆಂಕಿ ಹಾಕುತ್ತಿದ್ದರು. ಒಣ ಎಲೆಯಷ್ಟೇ ಸುಡುವ ಸಣ್ಣ ಬೆಂಕಿ ಅದು. ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಕಳೆ ಕಾಡನ್ನು ತುಂಬಿತು, ನೆಲ್ಲಿ ಮರಗಳಿಗೆ ಉಪ್ಪಿಲು ಎಂಬ ಪರಾವಲಂಬಿ ಗಿಡ ಹತ್ತಿತು, ಕಾಡ್ಗಿಚ್ಚು ಬಿದ್ದರೆ ಮರದ ತಲೆಯವರೆಗೂ ಏರುತ್ತದೆ ಎನ್ನುತ್ತಾರೆ ಹಿರಿಯ ಸೋಲಿಗರು. ಬೆಂಕಿ ನಿಂತದ್ದಕ್ಕೂ ಉಪ್ಪಿಲು ಹೆಚ್ಚಿದ್ದಕ್ಕೂ ಇರುವ ನಂಟನ್ನು ಸಂಶೋಧಕರಿಗೆ ತೋರಿಸಿದವರೇ ಅವರು. ಅದು ಸಾಧ್ಯವಾದದ್ದು ಜೊತೆಯಾಗಿ ಕಾಡಿನಲ್ಲಿ ನಡೆದು, ಮರ ಮರ ಎಣಿಸಿ, ಸೋಲಿಗರ ಹಾಡಿಯಾದ ಪೋಡಿನಲ್ಲಿ ಕೂತು ಮಾತಾಡಿದ್ದರಿಂದ. ಮೇಲಿನಿಂದ ತೆಗೆದ ಚಿತ್ರದಲ್ಲಿ ಹಸಿರು ಕಾಣುತ್ತದೆ. ಆ ಹಸಿರಿನ ಕೆಳಗೆ ಸಸಿ ಏಳುತ್ತಿದೆಯೇ, ಅದು ಬರೀ ಲಂಟಾನವೇ ಎಂದು ಹೇಳಲು ನೆಲದ ಮೇಲೆ ಒಬ್ಬರು ನಿಂತಿರಬೇಕು. ಲಾಕ್‌ಡೌನಿನಿಂದ ಬೇಸಿಗೆಯ ಒಂದು ಸುತ್ತು ತಪ್ಪಿದರೆ ಆ ವರ್ಷದ ಎಣಿಕೆಯನ್ನು ಮುಂದೆ ಯಾರೂ ತುಂಬಿಕೊಡಲಾರರು.

ಮಳೆಯ ಮಾತೂ ಹಾಗೆಯೇ. ನಮ್ಮ ಜಿಲ್ಲೆಯ ಹನೂರಿನ ಕಡೆ ಮಳೆಮಾಪಕಗಳು ತಾವಾಗಿಯೇ ಅಂಕಿ ಕಳಿಸುತ್ತವೆ, ಸಂತೋಷ. ಆ ಮಳೆಗೆ ಹುರುಳಿ ಬಿತ್ತಲು ಹದ ಬಂತೇ, ಕೂಲಿಗೆ ಬೆಂಗಳೂರಿಗೆ ಹೋದವರು ಊರಿಗೆ ಮರಳಿ ಬೀಳುಬಿಟ್ಟಿದ್ದ ಹೊಲವನ್ನು ಉತ್ತರೇ ಎಂಬುದನ್ನು ಯಾವ ಮಾಪಕವೂ ಬರೆಯುವುದಿಲ್ಲ.

2011ರಲ್ಲಿ ಇದೇ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಬೆಂಕಿ, ಲಂಟಾನ, ನೆಲ್ಲಿ ಕೊಯ್ಲು ಇವನ್ನು ಮಾತಾಡಬೇಕಾದ ಜಾಗ ಆ ಗ್ರಾಮಸಭೆಯೇ. 2018, 2019ರಲ್ಲಿ ಕಾವೇರಿ ಉಕ್ಕಿ ದಾಸನಪುರ, ಮುಳ್ಳೂರಿಗೆ ನುಗ್ಗಿದಾಗ ಎಲ್ಲಿಗೆ ಸ್ಥಳಾಂತರ, ಯಾರಿಗೆ ಪರಿಹಾರ ಎಂದು ಕೇಳಬೇಕಾದ ಜಾಗವೂ ಆ ಊರುಗಳ ಗ್ರಾಮಸಭೆಯೇ. ಲಾಕ್‌ಡೌನಿನ ಅಗತ್ಯ ಸೇವೆಗಳ ಪಟ್ಟಿಯಲ್ಲಿ ಹಾಲಿತ್ತು, ಔಷಧಿಯಿತ್ತು, ಪಡಿತರವಿತ್ತು. ಮುಂದಿನ ಸಲ ಆ ಪಟ್ಟಿ ಬರೆಯುವವರು, ಆಲದ ಮರದ ಕೆಳಗೆ ಮಾರುದೂರ ಬಿಟ್ಟು ಕೂತು ನಡೆಸುವ ಗ್ರಾಮಸಭೆಯನ್ನೂ, ಕಾಡಿನಲ್ಲಿ ಮರ ಎಣಿಸುವ ಇಬ್ಬರನ್ನೂ ಅದರಲ್ಲಿ ಸೇರಿಸಬೇಕೆಂದು ನಾವು ಈಗಲೇ, ರೋಗವಿಲ್ಲದ ದಿನಗಳಲ್ಲೇ, ಜಿಲ್ಲಾಡಳಿತಕ್ಕೆ ಬರೆದು ಕೇಳೋಣ.