ಬೋಲ್ಟ್ ಬಿಗಿಯಾಗಿದ್ಯಾ? ಶಬ್ದವನ್ನೇ ಕೇಳಿ

ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿದ್ದೀರಲ್ಲ? ಅದರ ಕಂಬದ ಭಾಗಗಳನ್ನು ಜೋಡಿಸಿ ಹಿಡಿದಿರೋದು ಬೋಲ್ಟುಗಳು. ಬಿಗಿ ಸಾಲದಿದ್ರೆ ಗಾಳಿಯ ಹೊಡೆತಕ್ಕೆ ದಣಿದು ಒಂದಿನ ಮುರಿಯಬಹುದು.

ಟಾರ್ಕ್ ರೆಂಚ್ ‘ಟಕ್’ ಅಂದ್ರೆ ಸಾಕಲ್ವಾ ಅಂತೀರಾ? ಸಾಲದು ಅಂತೀನಿ ನಾನು. ತಿರುಗಿಸೋ ಶ್ರಮದಲ್ಲಿ ಸುಮಾರು 90% ಘರ್ಷಣೆಗೇ ಹೋಗುತ್ತೆ. ಬೋಲ್ಟನ್ನು ಎಳೆದು ಹಿಡಿಯೋಕೆ ಉಳಿಯೋದು 10% ಅಷ್ಟೇ. ತುಕ್ಕು ಹಿಡಿದಿದ್ರೆ ಇನ್ನೂ ಕಡಿಮೆ.

ಅದಕ್ಕೇ ಅಲ್ಟ್ರಾಸೌಂಡ್. ಬೋಲ್ಟಿನ ತಲೆಯಿಂದ ಕಳಿಸಿದ ಶಬ್ದ ಇನ್ನೊಂದು ತುದಿ ಮುಟ್ಟಿ ವಾಪಸ್ ಬರುತ್ತೆ. 100 ಮಿಲಿಮೀಟರ್ ಉಕ್ಕಿನ ಬೋಲ್ಟಿನಲ್ಲಿ ಇದಕ್ಕೆ ಸುಮಾರು 34 ಮೈಕ್ರೋಸೆಕೆಂಡ್ ಸಾಕು. ಬಿಗಿ ಮಾಡಿದಾಗ ಬೋಲ್ಟ್ ಚೂರು ಉದ್ದವಾಗುತ್ತೆ, ಒಳಗಿನ ಶಬ್ದವೂ ಚೂರು ನಿಧಾನವಾಗುತ್ತೆ. ಮೊದಲಿನ ಸಮಯಕ್ಕೂ ಆಮೇಲಿನದಕ್ಕೂ ಇರೋ ವ್ಯತ್ಯಾಸದಿಂದ ನಿಜವಾದ ಬಿಗಿ ಗೊತ್ತಾಗುತ್ತೆ. ಬಿಸಿಲಿಗೆ ಕಾದ್ರೂ ಸಮಯ ಬದಲಾಗುತ್ತೆ; ಹಾಗಾಗಿ ಉಷ್ಣಾಂಶವನ್ನೂ ಲೆಕ್ಕಕ್ಕೆ ತಗೋಬೇಕು.