ಕಿತ್ತೂರಿನ ಕಟ್ಲೆ ಯಾರದು?

ಕಿತ್ತೂರು ಚೆನ್ನಮ್ಮ ಎಂದೊಡನೆ ನಮ್ಮ ಕಿವಿಯಲ್ಲಿ ಮೊಳಗುವುದು ಬಿ. ಸರೋಜಾದೇವಿಯವರ ಕಂಠ. 1961ರ ಆ ಸಿನಿಮಾದ ಕಪ್ಪದ ಮಾತನ್ನು ಶಾಲೆಯ ಗ್ಯಾದರಿಂಗಿನಲ್ಲಿ ಒಮ್ಮೆಯಾದರೂ ಕೇಳದವರು ಈ ಸಭೆಯಲ್ಲಿ ಇರಲಾರರು. ನನ್ನ ತಕರಾರು ಇರುವುದೇ ಅಲ್ಲಿ. 1824ರ ಜಗಳ ಹೊತ್ತಿಕೊಂಡದ್ದು ಕಪ್ಪದಿಂದಲ್ಲ, ದತ್ತಕದಿಂದ.

ಕಥೆ ನಿಮಗೆ ಗೊತ್ತೇ ಇದೆ. ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಅವನ ಸಹಿಯಿದ್ದ ದತ್ತಕದ ಕಾಗದವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ನಂಬಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಅಕ್ಟೋಬರಿನ ಕಾಳಗದಲ್ಲಿ ಕಿತ್ತೂರಿನವರಿಗೆ ಸೆರೆಸಿಕ್ಕ ತರುಣ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ನಮ್ಮ ನೂರಾರು ಶಾಸನಗಳನ್ನು ಪ್ರತಿ ಮಾಡಿಸಿದ. ಅವನನ್ನು ಜೀವಸಹಿತ ಬಿಟ್ಟದ್ದಕ್ಕೆ ಶಾಸನ ಓದುವ ನಾವೆಲ್ಲ ಕಿತ್ತೂರಿಗೆ ಋಣಿಗಳು. ಇರಲಿ.

ನಮಗೆ ಹಿಂದೂ ಕಾಯ್ದೆ ಕಲಿಸಿದ ಮಾಸ್ತರರೊಬ್ಬರಿದ್ದರು. ಕರೀ ಟೊಪ್ಪಿಗೆ, ಜೇಬಿನಲ್ಲಿ ಸದಾ ಅಡಕೆ ಚೂರು. ಚೆನ್ನಮ್ಮನ ಹೆಸರೆತ್ತಿದರೆ, "ಮೊದಲ ವಂಶಾವಳಿ ಬರೀರಿ" ಎನ್ನುತ್ತಿದ್ದರು. ಬರೆದೆವು. ಚೆನ್ನಮ್ಮ ಮಲ್ಲಸರ್ಜನ ಕಿರಿಯ ಹೆಂಡತಿ. ಸತ್ತ ದೇಸಾಯಿ ಹಿರಿಯಳಾದ ರುದ್ರಮ್ಮನ ಮಗ. ಅಂದರೆ ಚೆನ್ನಮ್ಮ ಮಲತಾಯಿ. ದತ್ತಕ ಮಗನಿಗೆ ಕಾಯ್ದೆಯ ಪ್ರಕಾರ ತಾಯಿಯಾಗಬೇಕಾದವಳು ಸತ್ತವನ ವಿಧವೆ ವೀರವ್ವ. "ಹಂಗಾದ್ರ ಕಟ್ಲೆ ಯಾರದು?" ಎಂದು ಅವರು ಅಡಕೆ ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಿದ್ದರು. ನಾವೂ ಸುಮ್ಮನಾಗುತ್ತಿದ್ದೆವು. ವೀರವ್ವನ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಓದಿದಾಗ ಇನ್ನೊಂದು ಸೋಜಿಗ ಕಂಡಿತು. ಮುಂಬೈ ಪ್ರಾಂತ್ಯದ ಕೋರ್ಟುಗಳು ಮುಂದೆ ಒಪ್ಪಿದ ನಿಯಮದಂತೆ, ಗಂಡ ಬೇಡವೆಂದು ಹೇಳಿರದಿದ್ದರೆ ವಿಧವೆ ಅವನ ಅಪ್ಪಣೆ ಇಲ್ಲದೆಯೂ ದತ್ತಕ ತೆಗೆದುಕೊಳ್ಳಬಹುದಿತ್ತು. ಆ ತಕ್ಕಡಿಯಲ್ಲಿ ತೂಗಿದರೆ, ಸತ್ತವನ ಸಹಿ ಖರೆಯೋ ಖೊಟ್ಟಿಯೋ ಎಂಬ ಥ್ಯಾಕರೆಯ ಚರ್ಚೆಗೆ ಏನು ತೂಕ ಉಳಿಯಿತು? ಆದರೆ ಕಂಪನಿಯ ನಿಜವಾದ ಪಟ್ಟು ಬೇರೆಯಿತ್ತು: ತನ್ನ ಅನುಮತಿಯಿಲ್ಲದೆ ಸಂಸ್ಥಾನ ಕೈ ಬದಲಿಸಕೂಡದು. ಡಾಲ್‌ಹೌಸಿ ಝಾನ್ಸಿಯನ್ನು ನುಂಗುವುದಕ್ಕೆ ಮೂವತ್ತು ವರ್ಷ ಮೊದಲೇ ಆ ಪಾಠದ ತಾಲೀಮು ಕಿತ್ತೂರಿನಲ್ಲಿ ನಡೆದಿತ್ತು.

ಇಷ್ಟು ಹೇಳಿ ನಾನೇ ಸಿಕ್ಕಿಬೀಳುತ್ತೇನೆ. ಕೆಳದಿಯ ಚೆನ್ನಮ್ಮ ಬಸಪ್ಪನನ್ನು ದತ್ತಕ ತೆಗೆದುಕೊಂಡರೂ 1671ರಿಂದ ಕಾಲು ಶತಮಾನ ತಾನೇ ಆಳಿದಳು. ಕಿತ್ತೂರಿನವಳು ಖಡ್ಗ ತಾನು ಹಿಡಿದು ಗಾದಿಯನ್ನು ಹುಡುಗನಿಗಾಗಿ ಕೇಳಿದಳು. ಅದು ಹೆಣ್ಣಿನ ಹಕ್ಕಿನ ಹೋರಾಟವೇ, ಸತ್ತ ಗಂಡಸಿನ ಹೆಸರು ಉಳಿಸುವ ಹೋರಾಟವೇ? ಹಳೆಯ ಕಾಯ್ದೆಯಲ್ಲಿ ವಿಧವೆ ದತ್ತಕ ಮಾಡಿಕೊಳ್ಳುತ್ತಿದ್ದುದು ಗಂಡನಿಗಾಗಿ. ಹಿಂದೂ ಹೆಣ್ಣು ತನಗಾಗಿ ದತ್ತಕ ಪಡೆಯಲು 1956ರ ಕಾಯ್ದೆ ಬರಬೇಕಾಯಿತು. ಹಾಗಿದ್ದರೆ ಆಕೆ ಬೇರೆ ಏನು ಕೇಳಬಹುದಿತ್ತು? ಮತ್ತೆ ವೀರವ್ವ? ಅವಳ ಪರವಾಗಿ ಅತ್ತೆ ಮಾತಾಡಿದಳೋ, ಅವಳ ಬದಲಾಗಿ ಮಾತಾಡಿದಳೋ?

ಸಭೆಯಲ್ಲಿ ವಕೀಲರಿದ್ದೀರಿ. ಇನ್ನು ನೀವು ಹೇಳಿ, ನಾನು ಕೂತು ಕೇಳುತ್ತೇನೆ.